ಹೆಣ್ಣು ಕಳಿಸುವ ಮಟ್ಟು

ಶಿರಾದಲ್ಲಿ ನಮ್ಮದು ಕಲಾಯಿ ಹಾಕುವ ಮನೆ. ಊರವರ ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆಗಳಿಗೆ ಒಳಗಡೆ ತವರ ಬಳಿದು ಬೆಳ್ಳಗೆ ಮಾಡಿಕೊಡುವುದು ಅಪ್ಪನಿಂದ ಬಂದ ಕಸುಬು. ಮದುವೆಯ ಕಾಲ ಬಂತೆಂದರೆ ಒಲೆ ಆರಿಸಿ, ಕೈಯ ಮಸಿ ತೊಳೆದು, ಕೆಂಪು ಪಟ್ಟಿಯ ಬಿಳಿ ಕೋಟು ಹಾಕಿಕೊಂಡು ಬ್ಯಾಂಡ್ ಸೆಟ್ಟಿನವರಾಗುತ್ತಿದ್ದೆವು. ಅಣ್ಣ ಕ್ಲಾರಿನೆಟ್ ಊದುತ್ತಿದ್ದ, ಸೆಟ್ಟಿಗೆ ಅವನೇ ಉಸ್ತಾದ್. ನಾನು ದೊಡ್ಡ ಡ್ರಮ್ಮು. ನಾಲ್ಕನೇ ಕ್ಲಾಸು ಮುಗಿಸದೆ ಸ್ಕೂಲು ಬಿಟ್ಟೆ. ಡ್ರಮ್ಮು ಹೊರಲು ಒಂದು ಗಟ್ಟಿ ಬೆನ್ನು ಬೇಕಾಗಿತ್ತು, ನನ್ನದು ಗಟ್ಟಿಯಿತ್ತು. ಅದಕ್ಕೆ ಯಾವತ್ತೂ ನಾಚಿಕೊಂಡಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ, ಈ ಸೀಮೆಯಲ್ಲಿ ನಾನು ಡ್ರಮ್ಮು ಹೊತ್ತು ನಡೆಯದ ರಸ್ತೆಯಿಲ್ಲ. ನನ್ನ ಪೆಟ್ಟು ಜಾರಿದ್ದನ್ನು ಕೇಳಿದ್ದೇನೆ ಎನ್ನುವವರು ಯಾರಾದರೂ ಇದ್ದರೆ ಮುಂದೆ ಬರಲಿ.

ಬ್ಯಾಂಡ್ ಸೆಟ್ಟುಗಳು ಆಗ ಬೇಕಾದಷ್ಟಿದ್ದವು. ಜನ ನಮ್ಮನ್ನೇ ಹುಡುಕಿಕೊಂಡು ಬರುತ್ತಿದ್ದುದು ಒಂದೇ ಒಂದು ಮಟ್ಟಿನ ಸಲುವಾಗಿ. ಮದುವೆಯೆಲ್ಲ ಮುಗಿದು, ಹೆಣ್ಣನ್ನು ಒಪ್ಪಿಸಿಕೊಟ್ಟು, ಅವಳು ಗಂಡನ ಊರಿಗೆ ಹೊರಡುವ ಹೊತ್ತಿನಲ್ಲಿ ನುಡಿಸುವಂಥದು. ಅದಕ್ಕೆ ಹೆಸರಿರಲಿಲ್ಲ. ನಮ್ಮ ಮನೆಯಲ್ಲಿ ರುಖ್ಸತಿಯದು ಎನ್ನುತ್ತಿದ್ದೆವು, ಹಳ್ಳಿಗಳಲ್ಲಿ ಹೆಣ್ಣು ಕಳಿಸೋದು ಎನ್ನುತ್ತಿದ್ದರು. ನಮ್ಮವರಲ್ಲಿ ಜಟಕಾ, ಹಳ್ಳಿಯಲ್ಲಿ ಕಮಾನು ಗಾಡಿ. ಹುಡುಗಿ ಹತ್ತಿ ಕೂತು ಚಕ್ರ ಅಲುಗಿದ ಕೂಡಲೇ ಅಣ್ಣ ಶುರು ಮಾಡುತ್ತಿದ್ದ. ಉಳಿದದ್ದನ್ನೆಲ್ಲ ನಡೆಯುತ್ತ ನುಡಿಸುವ ನಾವು ಇದೊಂದಕ್ಕೆ ಮಾತ್ರ ತವರಿನ ಬಾಗಿಲಲ್ಲಿ ನಿಂತಲ್ಲೇ ನಿಲ್ಲುತ್ತಿದ್ದೆವು. ಗಾಡಿ ಕಣ್ಣಿಗೆ ಮರೆಯಾಗುವ ತನಕ ನುಡಿಸಬೇಕು, ಮರೆಯಾದ ಮೇಲೆ ಒಂದು ಸ್ವರವೂ ಕೂಡದು. ಶಿರಾದ ಗಲ್ಲಿಗಳಲ್ಲಿ ಬೇಗ ಮುಗಿಯುತ್ತಿತ್ತು, ಮೂಲೆ ತಿರುಗಿದರೆ ಆಯಿತು. ಪಾವಗಡದ ಕಡೆ ಬಯಲು. ತಿರುಮಣಿಯ ಹತ್ತಿರದ ಒಂದು ಮನೆಯಿಂದ ಹೊರಟ ಗಾಡಿ ಕಡಲೆಕಾಯಿ ಹೊಲಗಳ ನಡುವೆ ಇರುವೆಯಷ್ಟಾಗಿಯೂ ಕಾಣುತ್ತಲೇ ಇತ್ತು. ಅಣ್ಣ ಊದುತ್ತಲೇ ಇದ್ದ, ಹುಡುಗಿಯ ತಾಯಿ ಬಾಗಿಲ ಕಂಬ ಹಿಡಿದು ನಿಂತೇ ಇದ್ದಳು. ಆ ಮಟ್ಟಿಗೆ ತನ್ನದು ಅಂತ ಒಂದು ಕೊನೆ ಇರಲಿಲ್ಲ. ದಾರಿ ಎಷ್ಟು ಉದ್ದವೋ ಅದೂ ಅಷ್ಟು ಉದ್ದ.

ಇನ್ನೊಂದು ಕಟ್ಟುಪಾಡೂ ಇತ್ತು. ಆ ಮಟ್ಟನ್ನು ಬೇರೆ ಯಾವ ಹೊತ್ತಿನಲ್ಲೂ ನುಡಿಸಬಾರದು, ಮನೆಯಲ್ಲಿ ಅಭ್ಯಾಸಕ್ಕೆಂದೂ ನುಡಿಸಬಾರದು. ಹೊರಡುವವಳಿಲ್ಲದ ಮನೆಯಲ್ಲಿ ಅದು ಕೇಳಿಸಿದರೆ ಮನೆಯವರಲ್ಲೇ ಯಾರೋ ಹೊರಡುತ್ತಾರೆ ಎಂದು ಅಪ್ಪ ಹೇಳುತ್ತಿದ್ದ. ಹಾಗಾಗಿ ಸೆಟ್ಟಿಗೆ ಸೇರಿದ ಹೊಸಬರು ಮದುವೆಯಲ್ಲೇ ನಿಂತು, ಕೇಳಿ ಕಲಿಯಬೇಕು. ನಮ್ಮಲ್ಲಿ ಕಾರ್ನೆಟ್ ಊದುತ್ತಿದ್ದವನು ತೋವಿನಕೆರೆಯವನು, ಓಲಗದವರ ಮನೆಯಿಂದ ಬಂದವನು. ಉಳಿದ ಮಟ್ಟುಗಳನ್ನು ಒಂದು ಸಲ ಕೇಳಿದರೆ ಹಿಡಿಯುತ್ತಿದ್ದ. ಇದು ಮಾತ್ರ ಮೊದಲ ಭಾಗ ಬಿಟ್ಟು ಮುಂದಕ್ಕೆ ಹೋಗುತ್ತಿರಲಿಲ್ಲ.

"ಹೆಂಗ್ ಬತ್ತದೆ ಉಸ್ತಾದ್ರೆ," ಎನ್ನುತ್ತಿದ್ದ. "ಒಂದ್ ಹೆಣ್ಣು ಹೋದ್ರೆ ಒಂದ್ ಪಾಠ. ಇಸ್ಕೂಲ್ನಾಗೂ ಇದಕ್ಕಿಂತ ಜಾಸ್ತಿ ಹೇಳ್ಕೊಡ್ತಾರೆ."

"ನಿನ್ ಹೆಣ್ಮಕ್ಕಳ್ನ ಬೇಗ ಮದುವೆ ಮಾಡು, ಬರ್ತದೆ," ಎನ್ನುತ್ತಿದ್ದ ಅಣ್ಣ.

"ಮೊದ್ಲು ನಂಗೊಂದ್ ಮಾಡ್ಸಿ."

ಅಣ್ಣನಿಗೆ ಒಬ್ಬಳೇ ಮಗಳು. ಆಗ ಅವಳಿಗೆ ಕುಂಟೆಬಿಲ್ಲೆ ಆಡುವ ವಯಸ್ಸು. ಊರಿನ ಹೆಣ್ಣುಗಳನ್ನೆಲ್ಲ ಕಳಿಸಿದವನು ತನ್ನ ಮಗಳನ್ನು ಕಳಿಸುವ ದಿನದ ಮಾತನ್ನು ಈಗಲೇ ಆಡುತ್ತಿದ್ದ. ಆವತ್ತು ಹೆಂಗೆ ಊದುತ್ತೀನಿ ನೋಡು, ಜಟಕಾದವನು ಕುದುರೆ ಹೊಡೆಯೋದು ಮರೀಬೇಕು ಎನ್ನುತ್ತಿದ್ದ. ನಮ್ಮ ಮನೆ ಮಾತು ಉರ್ದು. ನನಗೆ ಬರೆಯಲು ಬರುವುದು ಕನ್ನಡ, ಅದರಲ್ಲೇ ಬರೆಯುತ್ತಿದ್ದೇನೆ.

ಆ ಬೇಸಿಗೆಯಲ್ಲಿ ಅವನಿಗೆ ಕೆಮ್ಮು ಹಿಡಿಯಿತು. ಕಲಾಯಿಯ ಹೊಗೆ ಅಂದುಕೊಂಡೆವು. ಮಳೆ ಬಿದ್ದರೂ ಹೋಗಲಿಲ್ಲ, ಕರವಸ್ತ್ರದಲ್ಲಿ ಕೆಂಪು ಕಾಣಿಸಿತು. ತುಮಕೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು.

"ಊದೋದು ಬಿಡಬೇಕು."

"ಎಷ್ಟು ದಿನ ಬುದ್ಧೀ?"

"ಪೂರ್ತಿ ಬಿಡಬೇಕು."

"ಮಗಳ ಮದುವೆ ತನಕ ಊದ್ತೀನಿ, ಆಮೇಲೆ ಬಿಟ್ಬಿಡ್ತೀನಿ," ಎಂದ ಅಣ್ಣ.

"ಮಗಳಿಗೆ ವಯಸ್ಸೆಷ್ಟು?"

ಅಣ್ಣ ಹೇಳಿದ. ಡಾಕ್ಟರು ತಲೆ ಎತ್ತಲಿಲ್ಲ, ಮದ್ದು ಬರೆಯುತ್ತಲೇ ಇದ್ದರು. ಮನೆಗೆ ಬಂದು ಅಣ್ಣ ತನ್ನ ಹೆಂಡತಿಗೆ, ನನ್ನ ಭಾಬಿಗೆ, ಎದೆಗೆ ಸ್ವಲ್ಪ ನೆಗಡಿ ಇಳಿದಿದೆಯಂತೆ ಎಂದ. ಭಾಬಿ ನನ್ನ ಮುಖ ನೋಡಿದಳು. ನಾನು ಹಂಡೆ ಎತ್ತಿಕೊಂಡು ಒಲೆಯ ಕಡೆ ಹೋದೆ.

ಅವನು ಊದುವುದನ್ನು ಬಿಡಲಿಲ್ಲ. ಮೆರವಣಿಗೆಗಳಲ್ಲಿ ಕಾರ್ನೆಟ್ಟಿನವನನ್ನು ಮುಂದೆ ಬಿಟ್ಟು ತಾನು ಸುಮ್ಮನೆ ನಡೆಯುತ್ತಿದ್ದ, ಹೆಣ್ಣು ಕಳಿಸುವ ಹೊತ್ತಿಗೆ ಮಾತ್ರ ಕ್ಲಾರಿನೆಟ್ ಬಾಯಿಗಿಡುತ್ತಿದ್ದ. ಅಂಥ ಒಂದು ದಿನ ಮಧುಗಿರಿಯ ಮದುವೆಗೆ ಗ್ರಾಮಫೋನ್ ಪ್ಲೇಟು ಮಾಡುವ ಕಂಪನಿಯ ಏಜೆಂಟನೊಬ್ಬ ಬಂದಿದ್ದ. ಗಾಡಿ ಮರೆಯಾಗಿ ನಾವು ಡ್ರಮ್ಮಿನ ಪಟ್ಟಿ ಬಿಚ್ಚುತ್ತಿದ್ದೆವು. ಅವನು ಕಣ್ಣು ಒರೆಸಿಕೊಂಡು ಹತ್ತಿರ ಬಂದು, ಇದನ್ನು ಪ್ಲೇಟು ಮಾಡೋಣ, ಬೆಂಗಳೂರಿಗೆ ಬನ್ನಿ ಎಂದ.

"ಅದು ಹಾಗೆಲ್ಲ ನುಡಿಸೋದಲ್ಲ ಸ್ವಾಮಿ," ಎಂದ ಅಣ್ಣ.

"ಯೋಚನೆ ಮಾಡಿ."

ಅಣ್ಣ ಕ್ಲಾರಿನೆಟ್ಟಿನ ತುಂಡುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿದ. ಮುಚ್ಚಳ ಹಾಕುವ ಮೊದಲು ಕೇಳಿದ, "ಪ್ಲೇಟು ಎಷ್ಟು ವರ್ಷ ಬಾಳ್ತದೆ?"

"ನೀವು ನಾವೆಲ್ಲ ಹೋದ ಮೇಲೂ ಇರುತ್ತೆ ಸಾಬ್ರೆ."

ಆ ಮಾತು ಅಣ್ಣನನ್ನು ಹಿಡಿಯಿತು. ತನ್ನ ಲೆಕ್ಕಾಚಾರವನ್ನು ನನಗೆ ಬಸ್ಸಿನಲ್ಲಿ ಹೇಳಿದ. ಮಗಳ ಮದುವೆಗೆ ತಾನಿರುತ್ತೇನೋ ಇಲ್ಲವೋ, ಪ್ಲೇಟು ಇರುತ್ತದೆ. ಅವಳ ಜಟಕಾ ಹೊರಡುವಾಗ ಪ್ಲೇಟು ಹಾಕಿದರೆ ತನ್ನ ಉಸಿರೇ ಅವಳನ್ನು ಕಳಿಸಿದ ಹಾಗೆ. ಇಷ್ಟೇ. ಹೆಸರು, ದುಡ್ಡು, ಯಾವುದೂ ಅವನ ತಲೆಯಲ್ಲಿರಲಿಲ್ಲ.

ಭಾಬಿಗೆ ಸರಿ ಕಾಣಲಿಲ್ಲ. "ಹೋಗೋರಿಲ್ದೆ ಅದನ್ನ ನುಡಿಸ್ತೀರಾ?" ಎಂದಳು.

"ನಮ್ಮ ಮನೇಲಿ ನುಡಿಸ್ತಿಲ್ವಲ್ಲ."

"ಕೊಂಡ್ಕೊಂಡೋರ ಮನೇಲಿ ನುಡಿಯೋದಿಲ್ವಾ?"

"ಮದುವೆ ಇದ್ದೋರು ತಾನೆ ಕೊಳ್ಳೋದು. ಮದುವೆ ಇಲ್ದೋನಿಗೆ ಹೆಣ್ಣು ಕಳಿಸೋ ಪ್ಲೇಟು ಯಾಕೆ ಬೇಕು?"

ನನಗೂ ಅದು ಸರಿಯೆಂದೇ ತೋರಿತು. ಸೆಟ್ಟಿನವರೆಲ್ಲರಿಗೂ ತೋರಿತು. ಬಾಸಿಂಗವನ್ನು ಮದುವೆಯಿದ್ದವರು ಮಾತ್ರ ಕೊಳ್ಳುವ ಹಾಗೆ ಇದನ್ನೂ ಕೊಳ್ಳುತ್ತಾರೆ ಅಂದುಕೊಂಡೆವು. ಈ ಸೀಮೆಯಲ್ಲಿ ಆ ಮಟ್ಟು ಕೇಳಿಸಿದ ಕಡೆಯೆಲ್ಲ ಒಬ್ಬ ಹುಡುಗಿ ಹೊರಟಿದ್ದಳು. ಹೊರಡುವ ಹುಡುಗಿಯಿಲ್ಲದೆ ಅದನ್ನು ಕೇಳಬೇಕೆಂದು ಯಾರಿಗಾದರೂ ಅನ್ನಿಸೀತು ಎಂಬುದು ನಮಗೆ ಹೊಳೆಯಲೇ ಇಲ್ಲ.

ಬೆಂಗಳೂರಿನಲ್ಲಿ ಕಂಪನಿಯವರು ಒಂದು ದೊಡ್ಡ ಮನೆಯ ಹಾಲಿನಲ್ಲಿ ಮಿಷನ್ನು ಹೂಡಿದ್ದರು. ಗೋಡೆಗೆಲ್ಲ ರತ್ನಗಂಬಳಿ ಮತ್ತು ಗೋಣಿತಟ್ಟು ಹೊದಿಸಿದ್ದರು. ಕಿಟಕಿ ಮುಚ್ಚಿ ಫ್ಯಾನು ನಿಲ್ಲಿಸಿದ್ದರಿಂದ ಹಂಡೆಯೊಳಗೆ ಕೂತ ಹಾಗಿತ್ತು. ಮಧ್ಯದಲ್ಲಿ ಒಂದೇ ಮೈಕು. ಮಿಷನ್ನು ನೋಡಿಕೊಳ್ಳುವ ಸಾಹೇಬರು ಕನ್ನಡಕ ಹಾಕಿದವರು, ಕೆಟ್ಟವರಲ್ಲ, ಆತುರದವರು. ನನ್ನ ಡ್ರಮ್ಮಿನ ಒಂದು ಪೆಟ್ಟು ಕೇಳಿ ಕಿವಿ ಮುಚ್ಚಿಕೊಂಡರು.

"ಇದನ್ನ ಆಚೆ ಇಡಿ."

"ಡ್ರಮ್ಮಿಲ್ಲದೆ ಆಗೋಲ್ಲ ಸಾರ್," ಎಂದೆ.

"ಆಗೋಲ್ಲ ಅಂದ್ರೆ ಪಡಸಾಲೇಲಿ ನಿಂತು ಬಾರಿಸಪ್ಪ."

ಪಡಸಾಲೆಯಲ್ಲಿ ನಿಲ್ಲಿಸಿ ಡ್ರಮ್ಮಿಗೆ ಕಂಬಳಿ ಹೊದಿಸಿದರು. ಹತ್ತಾರು ಊರಿಗೆ ಕೇಳಿಸುವ ಹಾಗೆ ಬಾರಿಸಿದವನು ನಾನು. ಅಲ್ಲಿ ಕಾಯಿಲೆಯವನಿಗೆ ಹೊದಿಸಿದ ಹಾಗೆ ಹೊದಿಸಿದ್ದರ ಮೇಲೆ ಕುಟ್ಟಬೇಕಾಯಿತು. ಮೈ ಉರಿಯಿತು. ಆದರೂ ಕುಟ್ಟಿದೆ. ಬಂದದ್ದು ಅಣ್ಣನ ಕೆಲಸಕ್ಕೆ.

ಮೊದಲು ಮೆರವಣಿಗೆಯ ಮಟ್ಟೊಂದನ್ನು ಹಿಡಿದರು, ಅದು ಒಂದೇ ಸಲಕ್ಕೆ ಬಂತು. ಪ್ಲೇಟಿನ ಮುಖ್ಯ ಬದಿಗೆ ಅದೇ ಇರಲಿ, ಇನ್ನೊಂದನ್ನು ಹಿಂಬದಿಗೆ ಹಾಕೋಣ ಎಂದು ಸಾಹೇಬರು ಹೇಳಿದರು. ಆಮೇಲೆ ಹೆಣ್ಣು ಕಳಿಸುವುದು. ಕೆಂಪು ದೀಪ ಹತ್ತಿತು. ಅಣ್ಣ ಕ್ಲಾರಿನೆಟ್ ಬಾಯಿಗಿಟ್ಟುಕೊಂಡ. ಸ್ವರ ಬರಲಿಲ್ಲ. ದೀಪ ಆರಿಸಿ ಮತ್ತೆ ಹತ್ತಿಸಿದರು, ಆಗಲೂ ಬರಲಿಲ್ಲ. ಪಡಸಾಲೆಯಿಂದ ಅವನ ಮುಖ ನನಗೆ ಕಾಣುತ್ತಿತ್ತು. ಅವನು ಬಾಗಿಲ ಕಡೆಗೇ ನೋಡುತ್ತಿದ್ದ. ಅಲ್ಲಿ ಗಾಡಿಯೂ ಇಲ್ಲ, ಹುಡುಗಿಯೂ ಇಲ್ಲ.

"ಏನ್ರೀ, ಮರೆತುಹೋಯ್ತಾ?" ಎಂದರು ಸಾಹೇಬರು.

"ಯಾರು ಹೋಗ್ತಿದಾರೆ ಸಾರ್, ನಾನು ನುಡಿಸೋಕೆ?"

ಸಾಹೇಬರಿಗೆ ಅರ್ಥವಾಗಲಿಲ್ಲ. ತೋವಿನಕೆರೆಯವನಿಗೆ ಅರ್ಥವಾಯಿತು. ಕಾರ್ನೆಟ್ಟನ್ನು ಕುರ್ಚಿಯ ಮೇಲಿಟ್ಟು, ಪಡಸಾಲೆಗೆ ಬಂದು ನನ್ನ ಹೆಗಲ ಟವೆಲನ್ನು ಎಳೆದುಕೊಂಡು ತಲೆಗೆ ಸೆರಗು ಹೊದ್ದ. ಮೀಸೆ ಮುಚ್ಚಿಕೊಂಡು ಹಾಲಿನ ಮಧ್ಯೆ ಹೋಗಿ ನಿಂತ.

"ನಾನೇ ಹೋಯ್ತೀನಿ ಬುಡಿ ಉಸ್ತಾದ್ರೆ. ಒಳ್ಳೆ ಕಡೆ ಕೊಡ್ರಪ್ಪ, ಅತ್ತೆ ಜೋರಿರ್ಬಾರ್ದು."

ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಅಣ್ಣ ನಗಲಿಲ್ಲ. "ತಲೆ ಬಗ್ಗಿಸು," ಎಂದ, "ಹಿಂದಕ್ಕೆ ನೋಡ್ಬೇಡ. ಮೆಲ್ಲಗೆ ನಡಿ." ಅವನು ನಡೆದ. ಅಣ್ಣ ಶುರು ಮಾಡಿದ.

ಅವನು ಹಾಲು ದಾಟಿ, ಪಡಸಾಲೆಯಲ್ಲಿ ನನ್ನ ಪಕ್ಕದಿಂದ ಹಾದು, ಅಂಗಳದ ಕಡೆಗೆ ಹೋದ. ನಾನು ಕಂಬಳಿಯ ಮೇಲೆ ಪೆಟ್ಟು ಹಾಕುತ್ತ ಅವನನ್ನೇ ನೋಡುತ್ತಿದ್ದೆ. ಗೇಟಿನ ಹತ್ತಿರ ಅವನು ಟವೆಲಿನ ತುದಿ ಬಾಯಿಗೆ ಒತ್ತಿಕೊಂಡಿದ್ದ. ಆಗ ಅವನಿಗೂ ಅದು ತಮಾಷೆಯಾಗಿ ಉಳಿದಿರಲಿಲ್ಲ. ಅಣ್ಣನ ಕಣ್ಣು ಅವನ ಬೆನ್ನ ಮೇಲಿತ್ತು. ಅವತ್ತು ಊದಿದ ಹಾಗೆ ಅವನು ಹಿಂದೆಂದೂ ಊದಿರಲಿಲ್ಲ. ಒಳಗೆ ಸಾಹೇಬರು ಕೈ ಬೀಸುತ್ತಿದ್ದರು, ಸಾಕು, ಪ್ಲೇಟು ಹಿಡಿಯುವುದೇ ಮೂರು ನಿಮಿಷ. ಅಣ್ಣ ಹೇಗೆ ನಿಲ್ಲಿಸುತ್ತಾನೆ, ಹುಡುಗಿ ಇನ್ನೂ ಕಾಣುತ್ತಿದ್ದಾಳಲ್ಲ. ದೀಪ ಆರಿದ ಮೇಲೂ ಊದುತ್ತಿದ್ದ. ತೋವಿನಕೆರೆಯವನು ಗೇಟು ದಾಟಿ ಮರೆಯಾದ ಮೇಲೆ ನಿಲ್ಲಿಸಿ, ಗೋಡೆಗೆ ಆತುಕೊಂಡು ಕೆಮ್ಮಿದ. ಬಿಳಿ ಕೋಟಿನ ತೋಳಿಗೆ ಬಾಯಿ ಒತ್ತಿ ಕೆಮ್ಮಿದ. ಸಾಹೇಬರು ನೀರು ತರಿಸಿದರು. ತೋಳಿನ ಕಡೆ ನೋಡಿ ಆಮೇಲೆ ಒಂದು ಮಾತೂ ಗಡುಸಾಗಿ ಆಡಲಿಲ್ಲ.

"ಇನ್ನೊಂದ್ಸಲ ಬೇಕಾಗಿಲ್ಲ. ಕೊನೇಲಿ ಸದ್ದು ನಾನೇ ಇಳಿಸ್ತೀನಿ. ಮುಖ್ಯ ಬದಿ ಇದೇ ಆಗಲಿ."

ಸದ್ದನ್ನು ಮಿಷನ್ನಿನಲ್ಲೇ ಇಳಿಸುತ್ತ ಹೋಗಿ ಮೂರು ನಿಮಿಷಕ್ಕೆ ತಂದು ನಿಲ್ಲಿಸಿದರು. ಆ ಮಟ್ಟಿಗೆ ಒಂದು ಕೊನೆ ಬಿದ್ದದ್ದು ಅಲ್ಲಿ.

ಪ್ಲೇಟು ಬರಲು ಒಂದು ಮಳೆಗಾಲ ಕಳೆಯಿತು. ಅಣ್ಣನ ಪಾಲಿಗೆಂದು ಒಂದನ್ನು ಏಜೆಂಟನೇ ಮನೆಗೆ ತಂದುಕೊಟ್ಟ. ಕಪ್ಪಗೆ ಹೊಳೆಯುತ್ತಿತ್ತು, ನಡುವಿನ ಕಾಗದದ ಮೇಲೆ ಶಿರಾ ಬ್ಯಾಂಡ್ ಎಂದಿತ್ತು. ಅಣ್ಣ ಅದನ್ನು ಎರಡು ಅಂಗೈಯಲ್ಲಿ ಹಿಡಿದು ನೋಡಿ ಭಾಬಿಯ ಕೈಗೆ ಕೊಟ್ಟ. ಅವಳು ತನ್ನ ನಿಕಾಹದ ದುಪಟ್ಟಾದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಳು. ಹಾಕಿ ಕೇಳೋಣ ಎಂದು ಮಗಳು ಕುಣಿದಳು. "ನಿನ್ನ ಮದುವೆ ದಿನ ಕೇಳೋದು," ಎಂದ ಅಣ್ಣ. ಅವನು ತಾನೂ ಕೇಳಲಿಲ್ಲ.

ಆಮೇಲೆ ಒಂದು ದಿನ ಪುರವರದ ಮದುವೆ ಮುಗಿಸಿಕೊಂಡು ಮಧುಗಿರಿಯಲ್ಲಿ ಬಸ್ಸಿಳಿದೆವು. ಸಂಜೆಯ ಬಿಸಿಲು ಇನ್ನೂ ಇತ್ತು. ಊರ ಅಂಚಿನಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಹಾಕಿದ್ದರು. ಅಲ್ಲಿಂದ ಹೆಣ್ಣು ಕಳಿಸುವ ಮಟ್ಟು ಬರುತ್ತಿತ್ತು. ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ. ಬಾವಿಕಟ್ಟೆಯ ಹೆಂಗಸರು ಕೊಡ ಇಳಿಸಿ, ಯಾರ ಮನೆಯ ಹೆಣ್ಣು ಹೊರಟಿತು ಎಂದು ರಸ್ತೆಯ ಎರಡೂ ಕಡೆ ನೋಡುತ್ತಿದ್ದರು. ಮಟ್ಟು ಮುಗಿಯಿತು. ಟಿಕೇಟು ಕೊಡುವುದು ಶುರುವಾಯಿತು.

ಅಣ್ಣ ನಿಂತಲ್ಲೇ ನಿಂತ. ತೋವಿನಕೆರೆಯವನು ಮೆಲ್ಲಗೆ, "ನಾನೇ ಅಲ್ವಾ ಹೋಗ್ತಿರೋದು," ಎಂದ. ಯಾರೂ ನಗಲಿಲ್ಲ.

ಟೆಂಟಿನ ಯಜಮಾನ ನಮ್ಮ ಕೋಟು ನೋಡಿ ಓಡಿ ಬಂದ. ಒಳ್ಳೆಯ ಮನುಷ್ಯ, ಮುಖವೆಲ್ಲ ಸಂತೋಷ.

"ಬರ್ಬೇಕು ಸಾಬ್ರೆ, ಬರ್ಬೇಕು. ನಿಮ್ ಪ್ಲೇಟು ಹಾಕಿದ್ರೆ ಹೊಲ್ದಾಗಿರೋರೂ ಎದ್ದು ಬತ್ತಾರೆ. ಯಾವ ಪ್ಲೇಟ್ಗೂ ಜನ ಇಂಗೆ ಸೇರಲ್ಲ. ಕುಂತ್ಕಳಿ, ಸಿನಿಮಾ ನೋಡ್ಕಂಡೇ ಹೋಗಿ."

"ಯಜಮಾನ್ರೇ, ಅದು ಹೆಣ್ಣು ಕಳಿಸೋವಾಗ ನುಡಿಸೋದು," ಎಂದ ಅಣ್ಣ.

"ಗೊತ್ತು ಕಣ್ ಸಾಬ್ರೆ. ನನ್ ತಂಗೀನೂ ನೀವೇ ಕಳಿಸ್ಕೊಟ್ಟಿದ್ದು. ಅದ್ಕೇ ಮೊದ್ಲ ದಿವ್ಸ ಹಾಕ್ದಾಗ ಅತ್ತುಬುಟ್ಟೆ."

"ಈಗ?"

"ಈಗ ದಿನಾ ಹಾಕ್ತೀವಲ್ಲ, ಅಭ್ಯಾಸ ಆಗೋಯ್ತು."

"ಟಿಕೇಟಿಗೆ ಬೇರೆ ಯಾವ್ದಾದ್ರೂ ಹಾಕಿ."

ಯಜಮಾನನ ಮುಖ ಸಣ್ಣಗಾಯಿತು. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಜನ ಕೇಳ್ಲಿ ಅಂತ ತಾನೆ ನೀವು ಪ್ಲೇಟ್ ಮಾಡ್ಸಿದ್ದು?" ಎಂದ.

ನಾನು ಜಗಳಕ್ಕೆ ನಿಂತೆ, ಅಣ್ಣ ನನ್ನ ಕೋಟು ಹಿಡಿದು ಎಳೆದುಕೊಂಡು ಹೋದ.

ಆ ವರ್ಷ ಆ ಪ್ಲೇಟು ಇಲ್ಲದ ಜಾಗವೇ ಇರಲಿಲ್ಲ. ಶಿರಾದಲ್ಲಿ ನಮ್ಮ ಬೀದಿಯ ತುದಿಯ ಕಾಫಿ ಹೋಟೆಲಿನಲ್ಲಿ ಬೆಳಿಗ್ಗೆ ಹಾಕುತ್ತಿದ್ದರು, ಕೊರಟಗೆರೆಯ ಸಂತೆಯಲ್ಲಿ ಬಟ್ಟೆಯವನು ಹಾಕುತ್ತಿದ್ದ. ಮೈಕ್ ಸೆಟ್ಟಿನವರು ನಾಮಕರಣಕ್ಕೂ ಹಾಕಿದರು, ಎಲೆಕ್ಷನ್ ಸಭೆಗೂ ಹಾಕಿದರು. ಏಜೆಂಟ್ ಮಿಠಾಯಿ ತಂದುಕೊಟ್ಟು, ಇಂಥದೇ ಇನ್ನೊಂದು ಕೊಡಿ ಎಂದ. ಇಂಥದು ಇನ್ನೊಂದು ಇಲ್ಲ ಎಂದ ಅಣ್ಣ. ಬಜಾರಿನಲ್ಲಿ ಗೊತ್ತಿಲ್ಲದವರು ಬಂದು ಅವನ ಕೈ ಹಿಡಿಯುತ್ತಿದ್ದರು. ನಾನು ಒಳಗೊಳಗೇ ಉಬ್ಬಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯಿಂದ ಅಂಥ ಹೆಸರು ಮಾಡಿದವರು ಹಿಂದೆ ಇರಲಿಲ್ಲ.

ಮುಂದಿನ ಮದುವೆಯ ಕಾಲದಲ್ಲಿ ಅದರ ಪೆಟ್ಟು ಬಿತ್ತು. ಪುರವರದ ಹತ್ತಿರ ಒಂದು ಮನೆ. ಹುಡುಗಿ ಗಾಡಿ ಹತ್ತಿದಳು, ತಾಯಿ ಅಳುತ್ತಿದ್ದಳು. ಚಕ್ರ ಅಲುಗಿತು, ಅಣ್ಣ ಶುರು ಮಾಡಿದ. ಎರಡು ಸ್ವರ ಬಿದ್ದದ್ದೇ ತಡ, ಚಪ್ಪರದ ಕೆಳಗಿದ್ದ ಮಕ್ಕಳು, "ಟಿಕೇಟ್, ಟಿಕೇಟ್," ಎಂದು ಕೂಗುತ್ತ ಓಡಿ ಬಂದರು. ದೊಡ್ಡವರು ಮಕ್ಕಳನ್ನು ಗದರಿಸಿ ತಾವೂ ಬಾಯಿಗೆ ಕೈ ಹಿಡಿದರು. ಗಾಡಿಯೊಳಗೆ ಹುಡುಗಿಗೂ ನಗು ಬಂತು. ತುಟಿ ಕಚ್ಚಿ ತಡೆದಳು, ಆದರೂ ಬಂತು. ಅಳುತ್ತಿದ್ದ ತಾಯಿ ಮಗಳ ನಗು ನೋಡಿ ಬೆಪ್ಪಾಗಿ ನಿಂತಳು. ಅಣ್ಣ ಗಾಡಿ ಮರೆಯಾಗುವ ತನಕ ಬಿಡದೆ ನುಡಿಸಿದ.

ಮುಂದಿನ ಮನೆಗಳಲ್ಲಿ ಮೊದಲೇ ಬಂದು ಹೇಳತೊಡಗಿದರು. ಕೊರಟಗೆರೆಯ ಒಬ್ಬಳು ಅಜ್ಜಿ ಅಣ್ಣನ ಕೈ ಹಿಡಿದು, "ತಪ್ಪು ತಿಳ್ಕಬ್ಯಾಡ ಕಣಪ್ಪ. ಮೂರು ಹೆಣ್ಣು ಕಳಿಸ್ದಾಗ್ಲೂ ನೀನೇ ಊದಿದ್ದೆ. ಈ ಕೂಸಿಗೆ ಮಾತ್ರ ಬ್ಯಾಡ, ಅದು ಈಗ ಟೆಂಟಿಂದಾಗೋಗದೆ," ಎಂದಳು. ಪಾವಗಡದ ಕಡೆಯ ಯಜಮಾನನೊಬ್ಬ ಅರ್ಧ ತೆಲುಗಿನಲ್ಲಿ, "ಆ ಸಿನಿಮಾ ಪಾಟ ವದ್ದಯ್ಯಾ, ಬೇರೆ ಏನಾರ ಬಾರ್ಸು," ಎಂದ. ಸಿನಿಮಾದ ಹಾಡು ಎಂದುಕೊಂಡವರಿಗೆ ಅದು ನಮ್ಮ ಮುತ್ತಜ್ಜನ ಕಾಲದ್ದೆಂದು ಹೇಳಿದರೆ ನಂಬುತ್ತಿರಲಿಲ್ಲ, ಪ್ಲೇಟು ಕೇಳಿ ಕಲಿತಿದ್ದೀರಿ, ಚೆನ್ನಾಗಿ ಕಲಿತಿದ್ದೀರಿ ಎನ್ನುತ್ತಿದ್ದರು. ಇನ್ನು ಕೆಲವು ಮನೆಗಳವರು ಬ್ಯಾಂಡನ್ನೇ ಕರೆಯಲಿಲ್ಲ. ಮೈಕ್ ಸೆಟ್ಟಿನಲ್ಲಿ ಎಲ್ಲ ಮಟ್ಟೂ ಸಿಗುತ್ತಿತ್ತು, ಊಟ ಹಾಕಬೇಕಾದದ್ದು ಒಬ್ಬನಿಗೆ.

ಅದಕ್ಕಿಂತ ಕೆಟ್ಟದ್ದು ಬೀದಿಯಲ್ಲಿ ನಡೆಯಿತು. ಪಡ್ಡೆ ಹುಡುಗರು ದಾರಿಯಲ್ಲಿ ಹೋಗುವ ಹೆಣ್ಣುಮಕ್ಕಳ ಹಿಂದೆ ಅದನ್ನು ಸಿಳ್ಳೆ ಹಾಕತೊಡಗಿದರು. ಒಂದು ದಿನ ಅಣ್ಣನ ಮಗಳು ಸ್ಕೂಲಿನಿಂದ ಅಳುತ್ತ ಬಂದಳು. ಹೋಟೆಲಿನ ಮುಂದೆ ಕೂತಿದ್ದವರು ಅವಳಿಗೇ ಸಿಳ್ಳೆ ಹಾಕಿದ್ದರು, ಯಾರ ಮಗಳೆಂದು ಗೊತ್ತಿದ್ದೇ ಹಾಕಿದ್ದರು. ನಾನು ಕೈಯಲ್ಲಿದ್ದ ಇಕ್ಕಳ ಹಿಡಿದುಕೊಂಡೇ ಹೋಗಿ ಒಬ್ಬನ ಕಾಲರು ಹಿಡಿದೆ.

"ನಾವೇನ್ ಮಾಡಿದ್ವಿ ಚಾಚಾ," ಎಂದ ಅವನು. "ಹೋಟ್ಲಲ್ಲಿ ಹಾಡ್ತಿತ್ತು, ಬಾಯಿಗೆ ಬಂತು."

ಒಳಗೆ ಪ್ಲೇಟು ತಿರುಗುತ್ತಲೇ ಇತ್ತು. ಕಾಲರು ಬಿಟ್ಟೆ. ಹಿಂದಕ್ಕೆ ಬಂದು ನೋಡಿದರೆ ಅಣ್ಣ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ, ಏನೋ ಹೇಳಲು ನೋಡುತ್ತಿದ್ದ, ಕೆಮ್ಮು ಬಿಡುತ್ತಿರಲಿಲ್ಲ. ಅವಳು ಮುಖ ತಿರುಗಿಸಿ ನಿಂತಿದ್ದಳು. ಆ ದಿನದಿಂದ ಅವಳು ಸ್ಕೂಲಿಗೆ ಹೋಗಲಿಲ್ಲ. ನಾನು ಬಿಟ್ಟಾಗ ಮನೆಗೆ ಒಂದು ಬೆನ್ನು ಸಿಕ್ಕಿತ್ತು. ಅವಳು ಬಿಟ್ಟದ್ದರಿಂದ ಯಾರಿಗೂ ಏನೂ ಸಿಗಲಿಲ್ಲ.

ಅಣ್ಣ ಮತ್ತೆ ಕ್ಲಾರಿನೆಟ್ ಮುಟ್ಟಲಿಲ್ಲ. ಕಾಯಿಲೆಯಿಂದ ಬಿಟ್ಟನೆಂದು ಊರವರು ಹೇಳಿದರು. ಆ ಚಳಿಗಾಲದಲ್ಲಿ ಹಾಸಿಗೆ ಹಿಡಿದ. ಬೆಳಿಗ್ಗೆ ಹೊತ್ತು ಹೋಟೆಲಿನಿಂದ ಅವನ ಉಸಿರು ಗಟ್ಟಿಯಾಗಿ ಬರುತ್ತಿತ್ತು, ಹಾಸಿಗೆಯ ಮೇಲೆ ಅವನಿಗೆ ಮಾತಾಡಲು ಬೇಕಾದಷ್ಟು ಉಸಿರಿರಲಿಲ್ಲ. ಭಾಬಿ ಕಿಟಕಿ ಮುಚ್ಚುತ್ತಿದ್ದಳು. ಹೋಗೋರಿಲ್ಲದೆ ನುಡಿಸಿದ್ದಕ್ಕೇ ಹೀಗಾಯಿತು ಎಂದು ಅವಳು ನಂಬಿದ್ದಳು, ಬಾಯಿ ಬಿಟ್ಟು ಹೇಳಲಿಲ್ಲ. ನಾನು ಹಾಗೆ ನಂಬುವುದಿಲ್ಲ. ಡಾಕ್ಟರು ಮುಂಚೆಯೇ ಹೇಳಿದ್ದರು. ಹೋಟೆಲಿನವನಿಗೆ ಹೇಳಿ ಪ್ಲೇಟು ನಿಲ್ಲಿಸುತ್ತೇನೆ ಎಂದರೆ ಅಣ್ಣ ಕೈಯಾಡಿಸಿ ಬೇಡ ಎಂದ. ನನ್ನ ಹತ್ತಿರ ಕೊನೆಯದಾಗಿ ಆಡಿದ ಮಾತು ಮಗಳ ಮದುವೆಯದು.

"ಟ್ರಂಕಲ್ಲಿರೋದು ಒಂದ್ಸಲಾನೂ ಹಾಕಿಲ್ಲ," ಎಂದ. "ಅದು ಅವಳದು."

"ನಾನ್ ಹಾಕ್ತೀನಿ ಭಾಯಿ."

"ಜಟಕಾ ಹೊರಟ ಮೇಲೆ."

"ಹೂಂ, ಹೊರಟ ಮೇಲೆ."

ಅವನನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಹಗಲೆಲ್ಲ ಒಲೆಯ ಮುಂದೆ ಕೂತೆ. ನನ್ನ ಮನೆ, ಅಣ್ಣನ ಮನೆ, ಎರಡನ್ನೂ ಕಲಾಯಿಯಲ್ಲೇ ನಡೆಸಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ. ಬ್ಯಾಂಡು ಅಲ್ಲೊಂದು ಇಲ್ಲೊಂದು ಮದುವೆಗೆ ಹೋಗುತ್ತಿತ್ತು. ತೋವಿನಕೆರೆಯವನು ಉಸ್ತಾದನಾದ. ಈಗ ಬೇಕಾದರೆ ಪ್ಲೇಟು ಕೇಳಿ ಅವನು ಆ ಮಟ್ಟನ್ನು ಪೂರ್ತಿ ಕಲಿಯಬಹುದಾಗಿತ್ತು. ಅವನು ಕಲಿಯಲಿಲ್ಲ, ನಾನೂ ಕಲಿ ಎನ್ನಲಿಲ್ಲ. ಸಿನಿಮಾದ ಹಾಡುಗಳನ್ನು ನುಡಿಸುತ್ತಿದ್ದೆವು.

ಕೆಲವು ವರ್ಷಗಳಾದ ಮೇಲೆ ಅಣ್ಣನ ಮಗಳಿಗೆ ಶಿರಾದಲ್ಲೇ ಗಂಡು ಸಿಕ್ಕಿತು, ಬೀಗರದು ಬಜಾರಿನ ಇನ್ನೊಂದು ಕೊನೆಯಲ್ಲಿ ಟೋಪಿ ಹೊಲಿಯುವ ಅಂಗಡಿ. ಮದುವೆಯ ದಿನ ನಾನು ಗ್ರಾಮಫೋನು ತರಿಸಿದ್ದೆ. ಮುಳ್ಳು ಹೊಸದು. ಭಾಬಿ ಟ್ರಂಕಿನಿಂದ ಪ್ಲೇಟು ತೆಗೆದು ದುಪಟ್ಟಾ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಒಂದು ಗೆರೆ ಬಿದ್ದಿರಲಿಲ್ಲ. ಬಾಗಿಲಲ್ಲಿ ಜಟಕಾ ಬಂದು ನಿಂತಿತ್ತು. ಹುಡುಗಿಯನ್ನು ಹೊರಗೆ ಕರೆತರುವ ಮೊದಲು ಅವಳು ನನ್ನನ್ನು ಕರೆಯುತ್ತಿದ್ದಾಳೆಂದು ಹೆಂಗಸರು ಬಂದು ಹೇಳಿದರು.

ಒಳಗೆ ಹೋದೆ. ಹೂವಿನ ಸೆಹ್ರಾದ ಹಿಂದೆ ಅವಳ ಮುಖ ಕಾಣುತ್ತಿರಲಿಲ್ಲ. ನನ್ನ ತೋಳು ಹಿಡಿದಳು.

"ಚಾಚಾ, ಅದು ಹಾಕ್ಬೇಡಿ."

"ನಿಮ್ಮಪ್ಪ ನಿನಗೇ ಅಂತ ಮಾಡಿದ್ದಮ್ಮ ಅದು."

"ಗೊತ್ತು."

"ಅವನ ಉಸಿರು ಅದು. ಬೇರೆ ಏನೂ ಉಳಿದಿಲ್ಲ."

"ಗೊತ್ತು ಚಾಚಾ. ಬೀದೀಲಿ ಹುಡುಗರು ನಿಂತಿದಾರೆ. ಅತ್ತೆ ಮನೆಯವರೂ ಇದಾರೆ. ನಾನು ಹೋಗ್ತಾ ಇರೋವಾಗ ಹಿಂದಿನಿಂದ ಅದನ್ನ ಕೇಳೋಕೆ ನನ್ನಿಂದ ಆಗೋಲ್ಲ. ಎಷ್ಟು ವರ್ಷ ಕೇಳಿದೀನಿ."

ಅವಳ ತಲೆಯ ಮೇಲೆ ಕೈಯಿಟ್ಟು ಹೊರಗೆ ಬಂದೆ. ಭಾಬಿ ನನ್ನ ಮುಖ ನೋಡಿ, ಕೇಳದೆ, ಪ್ಲೇಟನ್ನು ವಾಪಸು ತೆಗೆದುಕೊಂಡಳು. ಗಂಡಿನ ಕಡೆ ಒಬ್ಬರು, ಬ್ಯಾಂಡಿನವರು ಯಾಕೆ ಸುಮ್ಮನೆ ನಿಂತಿದ್ದಾರೆ, ಏನಾದರೂ ಬಾರಿಸಿ ಎಂದರು. ತೋವಿನಕೆರೆಯವನು ನನ್ನ ಕಡೆ ನೋಡಿದ.

"ಯಾವ್ದಪ್ಪಾ?" ಎಂದ.

"ಹೊಸ ಸಿನಿಮಾದ್ದು ಯಾವ್ದಾದ್ರೂ."

ಅವನು ಕಾರ್ನೆಟ್ ಎತ್ತಿದ. ಜಟಕಾದ ಚಕ್ರ ಅಲುಗಿತು. ನಾನು ಡ್ರಮ್ಮಿನ ಪಟ್ಟಿ ಹೆಗಲಿಗೆ ಹಾಕಿಕೊಂಡು ಪೆಟ್ಟು ಕೊಟ್ಟೆ. ಕುಣಿಯುವಂಥ ಹಾಡು, ಪೆಟ್ಟು ಬೇಗ ಬೇಗ ಬೀಳಬೇಕು. ಹುಡುಗರು ಕುಣಿದರು. ನಾನು ಒಂದು ಪೆಟ್ಟೂ ತಪ್ಪಲಿಲ್ಲ.